ಎರಿ ಬಯಲಿನ ನಡುವೆ ಕಪ್ಪತಗುಡ್ಡ: ನೋಡಲು ಹೋಗುವವರಿಗೆ ಮಾರ್ಗದರ್ಶಿ

ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೊರಟವರಿಗೆ ಅಣ್ಣಿಗೇರಿ ದಾಟಿದ ಮೇಲೂ ರಸ್ತೆಯ ಎರಡೂ ಬದಿಗೆ ಕಾಣುವುದು ಎರಿ, ಅಂದರೆ ಕರಿಮಣ್ಣಿನ, ಹೊಲಗಳೇ. ಮುಂಗಾರಿನಲ್ಲಿ ಹೆಸರು, ಹತ್ತಿ, ಉಳ್ಳಾಗಡ್ಡಿ, ಗೋವಿನಜೋಳ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಕಣ್ಣು ಹಾಯುವವರೆಗೂ ಏರಿಳಿತವಿಲ್ಲದ ಈ ಬಯಲಿನಲ್ಲಿ, ಗದಗ ಹತ್ತಿರವಾಗುತ್ತಿದ್ದಂತೆ, ದಕ್ಷಿಣದ ಅಂಚಿಗೆ ನೀಲಿ ಗೆರೆಯೊಂದು ಮೂಡುತ್ತದೆ. ಅದು ಮೊದಲು ಮೋಡದಂತೆ ತೋರುತ್ತದೆ, ನಂತರ ಅದರ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳ ರೆಕ್ಕೆಗಳು ಕಾಣತೊಡಗಿದಾಗ ಅದು ಗುಡ್ಡವೆಂದು ಖಚಿತವಾಗುತ್ತದೆ. ಬಿಂಕದಕಟ್ಟಿಯ ಬಳಿ ಸಣ್ಣ ದಿಬ್ಬಗಳಾಗಿ ತಲೆಯೆತ್ತುವ ಈ ಸಾಲು ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಮೂಲಕ ಆಗ್ನೇಯಕ್ಕೆ ಸುಮಾರು 60 ಕಿಲೋಮೀಟರ್ ಸಾಗಿ, ಸಿಂಗಟಾಲೂರಿನ ಬಳಿ ತುಂಗಭದ್ರೆಯ ದಂಡೆಗೆ ಬಂದು ನಿಲ್ಲುತ್ತದೆ. ಇದೇ ಕಪ್ಪತಗುಡ್ಡ.

“ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು” ಎಂಬ ಮಾತು ಈ ಭಾಗದಲ್ಲಿ ಎಲ್ಲರ ಬಾಯಲ್ಲೂ ಇದೆ. ಇತ್ತೀಚೆಗೆ ಇದನ್ನು ಉತ್ತರ ಕರ್ನಾಟಕದ ಸಹ್ಯಾದ್ರಿ ಎಂದು ಕರೆಯುವ ರೂಢಿಯೂ ಬೆಳೆದಿದೆ. ಪ್ರೀತಿಯಿಂದ ಇಟ್ಟ ಹೆಸರೇ ಆದರೂ, ಪ್ರವಾಸಿಗೆ ಈ ಹೋಲಿಕೆಯಿಂದ ಉಪಕಾರಕ್ಕಿಂತ ತೊಂದರೆಯೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಸೂರ್ಯನ ಬೆಳಕು ನೆಲ ಮುಟ್ಟದಂಥ ದಟ್ಟ ಕಾಡಿಲ್ಲ, ವರ್ಷವಿಡೀ ಧುಮುಕುವ ಜಲಪಾತವಿಲ್ಲ, ಇಂಬಳದ ಕಾಟವೂ ಇಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಯ ಗುಡ್ಡ ಇದು. ಮಲೆನಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು “ಬರೀ ಹುಲ್ಲು, ಬರೀ ಕಲ್ಲು” ಎಂದು ಅರ್ಧ ದಾರಿಯಲ್ಲೇ ತಿರುಗಿ ಹೋಗುವುದನ್ನು ನಾನು ಕಂಡಿದ್ದೇನೆ. ಆ ಹುಲ್ಲನ್ನು ಮತ್ತು ಆ ಕಲ್ಲನ್ನು ನೋಡಲೆಂದೇ ಹೋಗುವವರಿಗಾಗಿ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಿ

ಕಪ್ಪತಗುಡ್ಡದ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿರ್ಧಾರ ಯಾವ ತಿಂಗಳು ಎಂಬುದು. ಉಳಿದೆಲ್ಲ ಸಿದ್ಧತೆ ಸರಿಯಿದ್ದೂ ತಿಂಗಳು ತಪ್ಪಿದರೆ ಗುಡ್ಡ ತನ್ನನ್ನು ತೋರಿಸಿಕೊಳ್ಳುವುದಿಲ್ಲ.

ಜೂನ್ ತಿಂಗಳ ಮೊದಲ ಮಳೆಗಳಿಗೆ ಗುಡ್ಡ ಕೂಡಲೇ ಹಸಿರಾಗುವುದಿಲ್ಲ. ಜುಲೈ ನಡುವಿನ ಹೊತ್ತಿಗೆ ಹೊಸ ಹುಲ್ಲು ಮೊಣಕಾಲಿನವರೆಗೆ ಬೆಳೆದು, ಇಳಿಜಾರುಗಳೆಲ್ಲ ಎಳೆಹಸಿರಿಗೆ ತಿರುಗುತ್ತವೆ. ಆಗ ಗಾಳಿಯದೇ ರಾಜ್ಯ. ನೈಋತ್ಯದಿಂದ ಬರುವ ಮುಂಗಾರಿನ ಗಾಳಿಗೆ, ವಾಯವ್ಯದಿಂದ ಆಗ್ನೇಯಕ್ಕೆ ಮಲಗಿರುವ ಈ ಗುಡ್ಡದ ಸಾಲು ನೇರ ಅಡ್ಡಗೋಡೆಯಾಗಿ ನಿಲ್ಲುತ್ತದೆ. ಬಯಲಿನಲ್ಲಿ ತಡೆಯಿಲ್ಲದೆ ಬಂದ ಗಾಳಿ ಇಲ್ಲಿ ಮೇಲೇರಿ, ನೆತ್ತಿಯ ಮೇಲೆ ಒತ್ತಡಕ್ಕೆ ಸಿಕ್ಕಿ ವೇಗ ಪಡೆಯುತ್ತದೆ. ಗಾಳಿಯಂತ್ರಗಳು ಇಲ್ಲಿಗೇ ಬಂದು ನಿಂತಿರುವುದಕ್ಕೂ, ಎತ್ತರದ ಒಂದು ಜಾಗಕ್ಕೆ ಜನ ಬಹು ಹಿಂದೆಯೇ ಗಾಳಿಗುಂಡಿ ಎಂದು ಹೆಸರಿಟ್ಟು ಅಲ್ಲೊಬ್ಬ ಬಸವಣ್ಣನನ್ನು ಕೂರಿಸಿರುವುದಕ್ಕೂ ಇದೊಂದೇ ಕಾರಣ. ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಜಿಟಿಜಿಟಿ ಮಳೆ, ಕೆಳಗಿಳಿದು ಹಾಯುವ ಮೋಡ, ಕಿವಿ ಕಿವುಡಾಗುವಷ್ಟು ಗಾಳಿ ಮೂರೂ ಒಟ್ಟಿಗೆ ಸಿಗುತ್ತವೆ. ಆ ದಿನಗಳಲ್ಲಿ ಕೊಡೆ ಒಯ್ಯುವುದು ವ್ಯರ್ಥ.

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗಿನ ಕಾಲವೇ ಉತ್ತಮ. ಈ ಸೀಮೆಗೆ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಮತ್ತೊಮ್ಮೆ ಒಳ್ಳೆಯ ಮಳೆಯಾಗುತ್ತದೆ. ಗಾಳಿಯ ಅಬ್ಬರ ತಗ್ಗಿ, ಹುಲ್ಲು ತೆನೆ ಬಿಟ್ಟು, ಬೆಳಗಿನ ಬಿಸಿಲಿಗೆ ಇಡೀ ಇಳಿಜಾರು ತಾಮ್ರದ ಬಣ್ಣಕ್ಕೆ ಹೊಳೆಯುವುದು ಆಗಲೇ. ಕೆಳಗಿನ ಹೊಲಗಳಲ್ಲಿ ಒಂದು ಕಡೆ ಹಿಂಗಾರಿ ಬಿತ್ತನೆಗೆ ಹದಗೊಳಿಸಿದ ಕರಿ ಎರಿ, ಇನ್ನೊಂದು ಕಡೆ ಗುಡ್ಡದ ಬುಡದ ಕೆಂಪು ಮಸಾರಿ. ಎರಡು ಮಣ್ಣುಗಳ ಗಡಿ ಮೇಲಿನಿಂದ ಗೆರೆ ಎಳೆದಂತೆ ಕಾಣುತ್ತದೆ.

ಫೆಬ್ರವರಿಯಿಂದ ಮೇ ತಿಂಗಳವರೆಗೆ ಹೋಗಬೇಡಿ. ನಾನು ಮೊದಲ ಸಲ ಹೋದದ್ದು ಏಪ್ರಿಲ್‌ನಲ್ಲಿ, ಅದೂ ಹತ್ತು ಗಂಟೆಯ ನಂತರ. ಹನ್ನೆರಡರ ಹೊತ್ತಿಗೆ ಕೈಯಲ್ಲಿದ್ದ ನೀರು ಮುಗಿದು, ಕಲ್ಲಿನ ಕಾವು ಚಪ್ಪಲಿಯ ಅಟ್ಟೆಯನ್ನು ದಾಟಿ ಅಂಗಾಲಿಗೆ ತಾಗತೊಡಗಿತ್ತು. ನೆರಳಿಗೆಂದು ಹುಡುಕಿದರೆ ಎಲೆ ಉದುರಿದ ಕಡ್ಡಿಗಳು ಮಾತ್ರ. ಅದಕ್ಕಿಂತ ದೊಡ್ಡ ಕಾರಣವೆಂದರೆ ಬೆಂಕಿ. ಒಣಗಿದ ಹುಲ್ಲಿಗೆ ಒಂದು ಕಿಡಿ ಬಿದ್ದರೂ ಗುಡ್ಡದ ಮಗ್ಗುಲು ಮಗ್ಗುಲೇ ಉರಿದು ಹೋಗುವ ಕಾಲವದು. ಅರಣ್ಯ ಸಿಬ್ಬಂದಿ ಹಗಲಿರುಳು ಕಾವಲಿರುವಾಗ ಪ್ರವಾಸಿಗಳು ಒಳಗಿರದಿದ್ದರೇ ಅವರಿಗೆ ಅನುಕೂಲ.

ಇದು ವನ್ಯಧಾಮ: ಅನುಮತಿ ಪಡೆದೇ ಹೋಗಿ

ಕಪ್ಪತಗುಡ್ಡದ 244.15 ಚದರ ಕಿಲೋಮೀಟರ್ ಪ್ರದೇಶವನ್ನು 2019ರ ಮೇ ತಿಂಗಳಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಆ ಘೋಷಣೆ ಸುಲಭವಾಗಿ ಬಂದದ್ದಲ್ಲ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿ, 2016ರ ನವೆಂಬರಿನಲ್ಲಿ ಅದನ್ನು ಹಿಂಪಡೆದಾಗ, ಗಣಿಗಾರಿಕೆಗೆ ಬಾಗಿಲು ತೆರೆಯುತ್ತದೆಂಬ ಆತಂಕದಿಂದ ಗದಗಿನಲ್ಲಿ ಜನ ಬೀದಿಗಿಳಿದರು. ಡಂಬಳ-ಗದಗ ತೋಂಟದಾರ್ಯ ಮಠದ ಆಗಿನ ಪೀಠಾಧಿಪತಿ ಸಿದ್ಧಲಿಂಗ ಸ್ವಾಮೀಜಿಯವರು ಆ ಹೋರಾಟದ ಮುಂಚೂಣಿಯಲ್ಲಿದ್ದರು. 2017ರ ಏಪ್ರಿಲ್‌ನಲ್ಲಿ ಸರ್ಕಾರ ಮೀಸಲು ಸ್ಥಾನವನ್ನು ಮರಳಿ ನೀಡಿತು, ಎರಡು ವರ್ಷಗಳ ತರುವಾಯ ಅದು ವನ್ಯಧಾಮವಾಯಿತು. 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾದ ಸ್ವಾಮೀಜಿ ಆ ಕೊನೆಯ ಘೋಷಣೆಯನ್ನು ಕಾಣಲಿಲ್ಲ ಎಂಬುದು ಇಂದಿಗೂ ನನ್ನ ಮನಸ್ಸಿಗೆ ನೋವಿನ ಸಂಗತಿ.

ವನ್ಯಧಾಮವೆಂದ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯವಾಗುತ್ತದೆ. ಬೆಂಕಿ ಹಚ್ಚುವುದು, ಗಿಡಬಳ್ಳಿ ಕೀಳುವುದು, ಪ್ರಾಣಿಗಳನ್ನು ಬೆದರಿಸುವುದು, ಆಯುಧ ಹಿಡಿದು ಒಳಹೋಗುವುದು ಇವೆಲ್ಲ ಶಿಕ್ಷಾರ್ಹ ಅಪರಾಧಗಳು. ಆದ್ದರಿಂದ ಹೊರಡುವುದಕ್ಕೆ ಕೆಲವು ದಿನ ಮೊದಲೇ ಗದಗಿನ ಅರಣ್ಯ ಇಲಾಖೆಯ ಕಚೇರಿಯನ್ನು ಸಂಪರ್ಕಿಸಿ, ಆ ಹೊತ್ತಿಗೆ ಯಾವ ದಾರಿಗಳು ತೆರೆದಿವೆ, ಯಾವ ಸಮಯದೊಳಗೆ ಹಿಂತಿರುಗಬೇಕು, ಶುಲ್ಕವೆಷ್ಟು ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಗುಂಪಿನಲ್ಲಿ ಎಷ್ಟು ಜನ, ಯಾವ ವಾಹನ ಎಂಬ ವಿವರವನ್ನು ಬರೆದುಕೊಟ್ಟರೆ ಮಾತು ಬೇಗ ಮುಗಿಯುತ್ತದೆ. ಗುಡ್ಡದ ಮೇಲೆ ಡೇರೆ ಹಾಕಿ ರಾತ್ರಿ ಕಳೆಯುವ ಆಸೆಯನ್ನೂ, ಡ್ರೋನ್ ಹಾರಿಸುವ ಆಸೆಯನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ದೇವಸ್ಥಾನಕ್ಕೆ ಹೋಗುವ ಭಕ್ತರಿಗೆ ರೂಢಿಯ ದಾರಿಯೊಂದಿದೆ ಎಂದ ಮಾತ್ರಕ್ಕೆ ಇಡೀ ಗುಡ್ಡ ಓಡಾಟಕ್ಕೆ ತೆರೆದಿದೆ ಎಂದು ಭಾವಿಸಬಾರದು.

ಸಾಧ್ಯವಿದ್ದರೆ ಬುಡದ ಊರಿನ ಒಬ್ಬರನ್ನು ಇಲಾಖೆಯ ಮೂಲಕವೇ ಜೊತೆಗೆ ಕರೆದುಕೊಳ್ಳಿ. ಕುರಿ ಕಾಯ್ದು ಬೆಳೆದವರಿಗೆ ಈ ಗುಡ್ಡದ ಒಂದೊಂದು ಮಡಿಕೆಯೂ ಹೆಸರು ಹಿಡಿದು ಗೊತ್ತಿರುತ್ತದೆ. ಅವರ ದಿನದ ಕೂಲಿ ತಪ್ಪುತ್ತದೆಂಬುದನ್ನು ನೆನಪಿಟ್ಟು, ಕೊಡುವ ಹಣವನ್ನು ಮೊದಲೇ ಮಾತಾಡಿಕೊಳ್ಳುವುದು ಮರ್ಯಾದೆ.

ದಾರಿ ಮತ್ತು ಚೀಲ

ಹುಬ್ಬಳ್ಳಿಯಿಂದ ಗದಗಿಗೆ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್. ಬಸ್ಸುಗಳಿಗೆ ಕೊರತೆಯಿಲ್ಲ, ರೈಲುಗಳೂ ಇವೆ. ಗದಗಿನಿಂದ ಮುಂಡರಗಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರಿಗೆ ಡಂಬಳ ಸಿಗುತ್ತದೆ. ಅಲ್ಲಿಂದ ಗುಡ್ಡದ ಮಗ್ಗುಲಿಗಿರುವ ಡೋಣಿ ಗ್ರಾಮ ಹತ್ತಿರ. ಹೆಚ್ಚಿನವರು ಏರುವುದು ಡೋಣಿಯ ಕಡೆಯಿಂದಲೇ. ಶಿರಹಟ್ಟಿಯ ಕಡೆಯಿಂದಲೂ ದಾರಿಗಳಿವೆ. ಆದರೆ ಮೊದಲ ಸಲ ಬರುವವರಿಗೆ ಡೋಣಿಯೇ ಸುಲಭ. ಸ್ವಂತ ವಾಹನವಿಲ್ಲದವರು ಹಿಂದಿನ ರಾತ್ರಿ ಗದಗಿನಲ್ಲಿ ಉಳಿದು, ಬೆಳಗಿನ ಮೊದಲ ಬಸ್ಸಿಗೆ ಹೊರಡುವುದು ಲೇಸು. ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಇಳಿಯುವಾಗಲೇ ಕಂಡಕ್ಟರರನ್ನು ಕೇಳಿ ಗಡಿಯಾರಕ್ಕೆ ಹೊಂದಿಸಿಕೊಳ್ಳಿ.

ನೀರು ತಲೆಗೆ ಮೂರು ಲೀಟರಿಗೆ ಕಡಿಮೆಯಾಗಬಾರದು. ಮೇಲೆ ಅಂಗಡಿಗಳಿಲ್ಲ, ಒರತೆಗಳನ್ನು ನಂಬಿಕೊಂಡು ಹೋಗುವಂತಿಲ್ಲ. ಇರುವ ಅಷ್ಟಿಷ್ಟು ನೀರು ಪ್ರಾಣಿಗಳದು. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಒಂದಿಷ್ಟು ಉಳ್ಳಾಗಡ್ಡಿಯ ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರೆ ಕೆಡುವುದಿಲ್ಲ, ಪ್ಲಾಸ್ಟಿಕ್ ಕಸವೂ ಆಗುವುದಿಲ್ಲ. ಹಿಡಿತವಿರುವ ಬೂಟು, ಕಾಲು ಪೂರ್ತಿ ಮುಚ್ಚುವ ಪ್ಯಾಂಟು, ಟೋಪಿ ಅಥವಾ ತಲೆಗೆ ಸುತ್ತಲು ಟವೆಲ್ಲು, ಮಳೆಗಾಲದಲ್ಲಿ ಮೈಗೆ ಬಿಗಿಯಾಗಿ ಕೂರುವ ಮಳೆಯಂಗಿ ಬೇಕು. ಹುಲ್ಲಿನ ತೆನೆಯ ಮುಳ್ಳುಗಳು ಕಾಲುಚೀಲದೊಳಗೆ ನುಗ್ಗಿ ಕಾಡುತ್ತವೆ. ನುಣುಪಾದ ಬಟ್ಟೆಯಿದ್ದರೆ ಅವು ಅಷ್ಟಾಗಿ ಹಿಡಿಯುವುದಿಲ್ಲ. ಕಣಿವೆಗಳಲ್ಲಿ ಮೊಬೈಲ್ ಸಂಪರ್ಕ ಕಡಿದುಹೋಗಬಹುದಾದ್ದರಿಂದ ನಕ್ಷೆಯನ್ನು ಮುಂಚೆಯೇ ಇಳಿಸಿಟ್ಟುಕೊಳ್ಳಿ, ಮತ್ತು ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಕೆಳಗಿರುವ ಒಬ್ಬರಿಗಾದರೂ ಹೇಳಿ ಹೋಗಿ. ಇವಲ್ಲದೆ ಎರಡು ಸಣ್ಣ ವಸ್ತುಗಳನ್ನು ಚೀಲಕ್ಕೆ ಹಾಕಿಕೊಳ್ಳಬೇಕೆಂದು ನನ್ನ ಆಗ್ರಹ: ಒಂದು ಸಾಧಾರಣ ಅಯಸ್ಕಾಂತ, ಮತ್ತು ಅಕ್ಷರ ಓದಲು ಬಳಸುವ ಭೂತಗನ್ನಡಿ. ಇವೆರಡರ ಉಪಯೋಗ ಮುಂದೆ ತಿಳಿಯುತ್ತದೆ.

ಡಂಬಳದಲ್ಲಿ ಅರ್ಧ ಗಂಟೆ

ನೇರವಾಗಿ ಗುಡ್ಡಕ್ಕೆ ಹೋಗದೆ ಡಂಬಳದಲ್ಲಿ ಇಳಿಯಬೇಕೆಂದು ನಾನು ಹೇಳುವುದು ದೇವಸ್ಥಾನದ ಸೊಬಗಿಗಾಗಿ ಮಾತ್ರವಲ್ಲ. ಕಲ್ಯಾಣ ಚಾಲುಕ್ಯರ ಕಾಲದ, 12ನೆಯ ಶತಮಾನದ ದೊಡ್ಡಬಸಪ್ಪ ದೇವಾಲಯದ ಗರ್ಭಗುಡಿಯ ಹೊರಗೋಡೆ ಇಪ್ಪತ್ತನಾಲ್ಕು ಮೊನೆಗಳ ನಕ್ಷತ್ರದಂತೆ ಸುತ್ತಿಕೊಂಡಿದೆ. ಆ ಮೊನೆಗಳ ಮೇಲೆ ಬೆಳಗಿನ ಓರೆ ಬಿಸಿಲು ಬಿದ್ದಾಗ ಒಂದು ಮಗ್ಗುಲು ಬೆಳಕು, ಮರು ಮಗ್ಗುಲು ನೆರಳಾಗಿ ಇಡೀ ಗೋಡೆ ಮಡಿಕೆ ಮಡಿಕೆಯಾಗಿ ಕಾಣುತ್ತದೆ. ಆ ಕಲ್ಲಿನ ಬಣ್ಣವನ್ನು ಗಮನಿಸಿ: ಬೂದಿಗೆ ಹಸಿರು ಬೆರೆತಂತಿದೆ. ಇದು ಕ್ಲೋರೈಟ್ ಎಂಬ ಖನಿಜವಿರುವ ಮೆದು ಶಿಲೆ, ಧಾರವಾಡ ಶಿಲೆಗಳೆಂದು ಭೂವಿಜ್ಞಾನಿಗಳು ಕರೆಯುವ ದೊಡ್ಡ ಬಳಗಕ್ಕೆ ಸೇರಿದ್ದು. ಅಗೆದಾಗ ಮೆದುವಾಗಿದ್ದು ಉಳಿಗೆ ಒಗ್ಗುವ ಇಂಥ ಕಲ್ಲು ಇಲ್ಲದಿದ್ದರೆ ಡಂಬಳ, ಲಕ್ಕುಂಡಿಗಳ ಆ ಸೂಕ್ಷ್ಮ ಕೆತ್ತನೆ ಸಾಧ್ಯವಾಗುತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ನೀವು ಕಾಲಿಡಲಿರುವ ಗುಡ್ಡವೂ ಅದೇ ಬಳಗದ್ದು. ಡಂಬಳದಲ್ಲಿ 1095ರ ಶಾಸನವೊಂದು ಬೌದ್ಧರ ತಾರಾಭಗವತಿಯ ವಿಷಯ ಹೇಳುತ್ತದೆ. ದೊಡ್ಡ ಕೆರೆಯೂ ಇದೆ. ಅವುಗಳಿಗೆ ಬೇರೆಯದೇ ದಿನ ಬೇಕು, ಈಗ ನಿಲ್ಲಬೇಡಿ. ಬಿಸಿಲೇರುವ ಮುನ್ನ ಬುಡದಲ್ಲಿರಬೇಕು.

ಏರುವ ಬಗೆ

ಡೋಣಿಯಿಂದ ಮೇಲೆ ಹೋಗುವಾಗ ಮೊದಲು ಸಿಗುವುದು ಮಸಾರಿ ಹೊಲಗಳು, ಅವುಗಳ ಬದುವಿನ ಬೇವು ಮತ್ತು ಜಾಲಿ, ಆಮೇಲೆ ಬೀಳುನೆಲ. ಕಪ್ಪತ ಮಲ್ಲಯ್ಯನೆಂದು ಜನ ಭಕ್ತಿಯಿಂದ ಕರೆಯುವ ಮಲ್ಲೇಶ್ವರನ ದೇವಸ್ಥಾನ ಗುಡ್ಡದ ಮಡಿಲಲ್ಲಿದೆ. ಗಾಳಿಗುಂಡಿ ಬಸವಣ್ಣನ ನೆಲೆ ಎತ್ತರದಲ್ಲಿದೆ. ಶ್ರಾವಣದ ಸೋಮವಾರಗಳಂದು ಭಕ್ತರ ದಟ್ಟಣೆ ಇರುವುದರಿಂದ ನಿಸರ್ಗ ನೋಡಲೆಂದು ಬರುವವರು ಬೇರೆ ವಾರವನ್ನು ಆರಿಸಿಕೊಳ್ಳಬೇಕು. ಗುಡಿಗೆ ಹೋದಾಗ ಪಾದರಕ್ಷೆ ಹೊರಗಿಟ್ಟು, ದನಿ ತಗ್ಗಿಸಿ, ನಮಸ್ಕರಿಸಿ ಬನ್ನಿ. ಈ ಗುಡ್ಡ ಉಳಿದಿರುವುದರಲ್ಲಿ ಕಾಯ್ದೆಯ ಪಾಲು ಎಷ್ಟಿದೆಯೋ ಮಲ್ಲಯ್ಯನ ಮೇಲಿನ ಭಯಭಕ್ತಿಯ ಪಾಲೂ ಅಷ್ಟೇ ಇದೆ ಎಂದು ನಾನು ನಂಬಿದ್ದೇನೆ.

ಇಲ್ಲಿನ ಇಳಿಜಾರುಗಳಲ್ಲಿ ಗಟ್ಟಿ ನೆಲಕ್ಕಿಂತ ಸಡಿಲ ಹರಳುಗಲ್ಲುಗಳೇ ಹೆಚ್ಚು. ಏರುವಾಗ ತೊಂದರೆಯಿಲ್ಲ, ಇಳಿಯುವಾಗ ಅವು ಕಾಲ ಕೆಳಗೆ ಗೋಲಿಗಳಂತೆ ಉರುಳುತ್ತವೆ. ಆದ್ದರಿಂದ ಕಾಲುದಾರಿಯನ್ನು ಬಿಟ್ಟು ಅಡ್ಡದಾರಿ ಹಿಡಿಯಬೇಡಿ. ದಾರಿ ಬಿಡಬಾರದೆನ್ನುವುದಕ್ಕೆ ಮತ್ತೊಂದು ಕಾರಣವಿದೆ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲಿಷ್ ಕಂಪನಿಗಳು ಈ ಸೀಮೆಯ ಅತ್ತಿಕಟ್ಟಿ, ಕಬಲಾಯತಕಟ್ಟಿಗಳ ಸುತ್ತಮುತ್ತ ಚಿನ್ನಕ್ಕಾಗಿ ಗಣಿ ತೋಡಿದ್ದವು. ಚಿನ್ನ ಲಾಭಕ್ಕೆ ಸಾಲದೆ ಅವು ಕೈಬಿಟ್ಟು ಹೋದರೂ ಅಗೆತದ ಕುಳಿಗಳು ಉಳಿದಿವೆ. ಹುಲ್ಲು ಎದೆಯುದ್ದ ಬೆಳೆದ ಕಾಲದಲ್ಲಿ ಅಂಥ ಕುಳಿಯ ಬಾಯಿ ಎರಡು ಹೆಜ್ಜೆ ದೂರಕ್ಕೂ ಕಾಣುವುದಿಲ್ಲ. ಯಾವುದಾದರೂ ಸುರಂಗದ ಬಾಯಿ ಕಂಡರೆ ಇಣುಕುವುದಕ್ಕೂ ಹೋಗಬೇಡಿ. ಒಳಗಿನ ಕೆಟ್ಟ ಗಾಳಿಯೂ, ತಂಪಿಗೆ ಸೇರಿಕೊಂಡ ಪ್ರಾಣಿಯೂ ಎರಡೂ ಅಪಾಯವೇ.

ಮಕ್ಕಳು ಮತ್ತು ಹಿರಿಯರು ಜೊತೆಗಿದ್ದರೆ ನೆತ್ತಿಯವರೆಗೆ ಹೋಗಲೇಬೇಕೆಂಬ ಹಟ ಬೇಡ. ಬುಡದಿಂದ ಮುಕ್ಕಾಲು ಗಂಟೆಯ ಏರಿನಲ್ಲಿ ನೋಡುವಂಥದ್ದು ಒಂದು ದಿನಕ್ಕೆ ಸಾಕಾಗುವಷ್ಟಿದೆ.

ಕಲ್ಲನ್ನು ನೋಡುವ ಕ್ರಮ

ಇನ್ನು ಅಯಸ್ಕಾಂತ ಹೊರಗೆ ತೆಗೆಯುವ ಹೊತ್ತು. ದಾರಿಯಲ್ಲಿ ಬಿದ್ದಿರುವ ಕಲ್ಲುಗಳ ಪೈಕಿ ಕೈಗೆತ್ತಿಕೊಂಡಾಗ ಅದರ ಗಾತ್ರಕ್ಕಿಂತ ಭಾರವೆನಿಸುವ, ಹೊರಗೆ ತುಕ್ಕಿನ ಬಣ್ಣ ತಿರುಗಿದ ಒಂದನ್ನು ಆರಿಸಿಕೊಳ್ಳಿ. ಒಡೆದ ಮಗ್ಗುಲನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು, ಕೆಂಪು, ಬಿಳಿ ಪಟ್ಟೆಗಳು ಒಂದರ ಮೇಲೊಂದು ಬಂದಿರುತ್ತವೆ. ಕೆಲವು ಬೆರಳಿನ ದಪ್ಪ, ಕೆಲವು ಉಗುರಿಗಿಂತ ತೆಳು. ಇಳಕಲ್ಲ ಸೀರೆಯ ಅಂಚಿನ ಗೆರೆಗಳನ್ನು ನೋಡಿದವರಿಗೆ ಆ ಅಚ್ಚುಕಟ್ಟು ಕೂಡಲೇ ನೆನಪಾಗುತ್ತದೆ. ಅಯಸ್ಕಾಂತವನ್ನು ಕಪ್ಪು ಪಟ್ಟೆಗೆ ಮುಟ್ಟಿಸಿ. ಮ್ಯಾಗ್ನಟೈಟ್ ಇರುವ ಪಟ್ಟೆಯಾದರೆ ಅದು ಟಕ್ಕೆಂದು ಅಂಟಿಕೊಳ್ಳುತ್ತದೆ, ಹೆಮಟೈಟ್ ಇರುವ ಕಡೆ ಅಷ್ಟಾಗಿ ಹಿಡಿಯುವುದಿಲ್ಲ. ಬಿಳಿ ಪಟ್ಟೆಗೆ ತಾಗಿಸಿದರೆ ಜಾರಿಬೀಳುತ್ತದೆ. ಅದು ಸಿಲಿಕ, ಬೆಣಚುಕಲ್ಲಿನ ಜಾತಿ. ಮೊದಲ ಸಲ ನಾನಿದನ್ನು ಮಾಡಿದಾಗ ಜೊತೆಗಿದ್ದ ಹತ್ತು ವರ್ಷದ ಹುಡುಗಿ ಅಯಸ್ಕಾಂತವನ್ನು ಕಸಿದುಕೊಂಡು ದಾರಿಯುದ್ದಕ್ಕೂ ಸಿಕ್ಕ ಕಲ್ಲಿಗೆಲ್ಲ ಹಚ್ಚಿ ನೋಡುತ್ತ ಬಂದಳು. ನಾವು ನೆತ್ತಿ ತಲುಪಿದ್ದು ಒಂದು ತಾಸು ತಡವಾಗಿ, ಆ ತಾಸು ಸಾರ್ಥಕವಾಗಿತ್ತು.

ಈ ಪಟ್ಟೆಗಳು ಹೇಗಾದವು ಎಂಬುದನ್ನು ಅಲ್ಲೇ ಕುಳಿತು ಮಕ್ಕಳಿಗೆ ಹೇಳಬೇಕು. ಈ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಮೇಲ್ಪಟ್ಟದ್ದು. ಆಗ ಇಲ್ಲಿ ಬಯಲೂ ಇರಲಿಲ್ಲ, ಗುಡ್ಡವೂ ಇರಲಿಲ್ಲ. ಸಮುದ್ರವಿತ್ತು, ಅದರ ತಳದಲ್ಲಿ ಜ್ವಾಲಾಮುಖಿಗಳು ಲಾವಾ ಉಗುಳುತ್ತಿದ್ದವು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದುದರಿಂದ ಕಬ್ಬಿಣ ತುಕ್ಕು ಹಿಡಿಯದೆ ಸಮುದ್ರದ ನೀರಿನಲ್ಲೇ ಕರಗಿಕೊಂಡಿರುತ್ತಿತ್ತು. ಆಮ್ಲಜನಕ ದೊರೆತಾಗ, ಬಹುಮಟ್ಟಿಗೆ ಅಂದಿನ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ, ಆ ಕಬ್ಬಿಣ ಗಟ್ಟಿಯಾಗಿ ತಳಕ್ಕಿಳಿಯಿತು. ಮಧ್ಯೆ ಮಧ್ಯೆ ಸಿಲಿಕದ ಪದರ ಕುಳಿತಿತು. ಪದರದ ಮೇಲೆ ಪದರ ಕೂತು, ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ, ಮಡಚಿಕೊಂಡು, ಕೊನೆಗೆ ಸುತ್ತಲಿನ ಮೆದು ಕಲ್ಲು ಸವೆದು ಹೋದಾಗ ಗಟ್ಟಿಯಾದ ಭಾಗ ಸಾಲುಗುಡ್ಡವಾಗಿ ಉಳಿಯಿತು. ಭಾರತದ ಭೂವಿಜ್ಞಾನಕ್ಕೆ ‘ಧಾರವಾಡ’ ಎಂಬ ಹೆಸರನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕೊಟ್ಟವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಊರಿನ ಹೆಸರು ಜಗತ್ತಿನ ಅತಿ ಹಳೆಯ ಶಿಲೆಗಳ ಒಂದು ಬಳಗಕ್ಕೆ ಅಂಟಿಕೊಂಡಿದೆ ಎಂಬುದು ಧಾರವಾಡದ ಶಾಲೆಗಳಲ್ಲಿ ಓದಿದ ಎಷ್ಟೋ ಮಂದಿಗೆ ಗೊತ್ತಿಲ್ಲ. ಫೇಡೆಯ ಹೆಸರಿನಷ್ಟೇ ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿ ಇದು.

ಗುಡ್ಡದ ಕಬ್ಬಿಣ, ಮ್ಯಾಂಗನೀಸ್, ಚಿನ್ನ ಇವೆಲ್ಲ ಬಂದದ್ದು ಆ ಚರಿತ್ರೆಯಿಂದಲೇ, ಗಣಿಯವರ ಕಣ್ಣು ಪದೇ ಪದೇ ಇಲ್ಲಿಗೆ ಬೀಳುವುದೂ ಅದರಿಂದಲೇ. ನೋಡಿದ ಕಲ್ಲನ್ನು ಎತ್ತಿಕೊಂಡ ಜಾಗದಲ್ಲೇ ಇಟ್ಟು ಬನ್ನಿ. ಅದರ ಅಡಿಯಲ್ಲಿ ಚೇಳು, ಹಲ್ಲಿ, ಇರುವೆಗಳ ಮನೆಯಿರುತ್ತದೆ. ಅದೇ ಕಾರಣಕ್ಕೆ ಕಲ್ಲೆತ್ತುವ ಮುನ್ನ ಕೋಲಿನಿಂದ ಸರಿಸಿ ನೋಡುವುದನ್ನು ಮರೆಯಬೇಡಿ.

ಹುಲ್ಲು ಮತ್ತು ಗಿಡ

ಕಪ್ಪತಗುಡ್ಡದ ಹೆಸರು ಹೇಳಿದರೆ ಎಲ್ಲರೂ ಮೊದಲು ಹೇಳುವುದು ಔಷಧಿ ಗಿಡಗಳ ಮಾತು. ಅದು ನಿಜವೇ. ಅಮೃತಬಳ್ಳಿ, ಮಧುನಾಶಿನಿ, ಶತಾವರಿಯಂಥ ಹೆಸರುಗಳಿಂದ ಹಿಡಿದು ನಾಟಿ ವೈದ್ಯರಷ್ಟೇ ಗುರುತಿಸಬಲ್ಲ ಸಸ್ಯಗಳವರೆಗೆ ಇಲ್ಲಿನ ಸಂಪತ್ತು ದೊಡ್ಡದು. ಆದರೆ ಅರ್ಧಂಬರ್ಧ ತಿಳಿವಳಿಕೆಯಿಂದ ಬೇರು ಕಿತ್ತು ಮನೆಗೆ ಒಯ್ಯುವ ಅಭ್ಯಾಸವೇ ಆ ಸಂಪತ್ತಿಗೆ ಬಂದಿರುವ ಕುತ್ತು. ಒಂದು ಬಳ್ಳಿಯ ಬೇರು ಕಿತ್ತರೆ ಅದು ಈ ಕಲ್ಲುನೆಲದಲ್ಲಿ ಮತ್ತೆ ಬೆಳೆಯಲು ಎಷ್ಟು ಮಳೆಗಾಲ ಬೇಕೋ ಯಾರು ಬಲ್ಲರು? ನೋಡಿ, ಚಿತ್ರ ತೆಗೆಯಿರಿ, ಹೆಸರು ಕೇಳಿ ಬರೆದುಕೊಳ್ಳಿ, ಅಷ್ಟೇ ಸಾಕು.

ಗಿಡ ಗುರುತಿಸುವುದನ್ನು ಸುಲಭವಾದವುಗಳಿಂದ ಆರಂಭಿಸಿ. ಎಲೆ ಅಂಟಂಟಾಗಿ ಹೊಳೆಯುವ, ಕೆಂಪು ರೆಕ್ಕೆಯಂಥ ಕಾಯಿ ಬಿಡುವ ಬಂದರಿಕೆ. ಹಳದಿ ಹೂವಿನ ತಂಗಡಿ. ಮುಳ್ಳಿನ ನಡುವೆ ಹಣ್ಣು ಬಚ್ಚಿಡುವ ಕವಳಿ ಮತ್ತು ಕಾರಿ. ಬೇಸಿಗೆಯ ಹೊತ್ತಿಗೆ ಚಿನ್ನದ ಗೊಂಚಲು ತೂಗುವ ಕಕ್ಕೆ. ಇವುಗಳ ಎಲೆಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಒಣ ಸೀಮೆಯ ಬದುಕು ಏನೆಂಬುದು ತಿಳಿಯುತ್ತದೆ: ಎಲೆ ಸಣ್ಣದು, ಕೆಲವದರ ಮೇಲೆ ಮೇಣ, ಕೆಲವದರ ಮೇಲೆ ಅಂಟು, ಕೆಲವದರ ಮೇಲೆ ನವಿರಾದ ಕೂದಲು. ಎಲ್ಲವೂ ಇರುವ ನೀರನ್ನು ಬಿಸಿಲಿಗೂ ಗಾಳಿಗೂ ಬಿಟ್ಟುಕೊಡದಿರುವ ಉಪಾಯ.

ಹುಲ್ಲಿನ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲವೆಂಬುದು ನನ್ನ ಕೊರಗು. ಎತ್ತರಕ್ಕೆ ಬೆಳೆಯುವ ಬಾದೆ ಹುಲ್ಲನ್ನು ಗುಡಿಸಲಿನ ಮೇಲೆ ಹೊದಿಸಲು ಬಳಸುತ್ತಿದ್ದ ಕಾಲವೊಂದಿತ್ತು. ಒಮ್ಮೆ ದಾರಿಯಲ್ಲಿ ಸಿಕ್ಕ ಹಿರಿಯ ಕುರಿಗಾರರೊಬ್ಬರು ನಮ್ಮ ಗುಂಪನ್ನು ತಡೆದು, “ಜೇಬಿನ್ಯಾಗ ಕಡ್ಡಿಪೆಟ್ಗಿ ಇದ್ರ ಇಲ್ಲೇ ಕೊಟ್ಟು ಹೋಗ್ರಿ ಅಪ್ಪಾರ, ಬರೂವಾಗ ಒಯ್ಯೀರಂತ” ಎಂದರು. ಗುಂಪಿನಲ್ಲಿ ಬೀಡಿ ಸೇದುವವರೊಬ್ಬರಿದ್ದರು; ಅವರು ಮರುಮಾತಿಲ್ಲದೆ ಕೊಟ್ಟರು. ಅಂಥವರು ಎದುರಿಗೆ ಸಿಗದಿದ್ದರೂ ಕಡ್ಡಿಪೆಟ್ಟಿಗೆ, ಲೈಟರುಗಳನ್ನು ವಾಹನದಲ್ಲೇ ಬಿಟ್ಟು ಬನ್ನಿ. ಈ ಹುಲ್ಲು ಗುಡ್ಡದ ಹೊದಿಕೆ. ಮಳೆಹನಿ ನೇರವಾಗಿ ಮಣ್ಣಿಗೆ ಹೊಡೆಯದಂತೆ ತಡೆದು, ನೀರನ್ನು ಕಲ್ಲಿನ ಬಿರುಕುಗಳಿಗೆ ನಿಧಾನವಾಗಿ ಇಳಿಸುವುದು ಅದೇ. ಆ ನೀರೇ ಬುಡದ ಊರುಗಳ ಹಳ್ಳ, ಬಾವಿಗಳಿಗೆ ಒರತೆ. ಸುಟ್ಟ ಇಳಿಜಾರಿನ ಮೇಲೆ ಮುಂದಿನ ಮಳೆ ಬಿದ್ದಾಗ ಹರಿದುಹೋಗುವುದು ಬರೀ ಕೆಂಪು ರಾಡಿ.

ಪ್ರಾಣಿಗಳು, ಹಾವು, ಜೇನು

ಕತ್ತೆಕಿರುಬ, ತೋಳ, ಚಿರತೆ, ನಾಲ್ಕು ಕೊಂಬಿನ ಕೊಂಡುಕುರಿ, ನರಿ, ಮುಳ್ಳುಹಂದಿ ಇವೆಲ್ಲ ಇಲ್ಲಿನ ನಿವಾಸಿಗಳು. ಹಗಲಿನಲ್ಲಿ ಅವನ್ನು ಕಾಣುವ ನಿರೀಕ್ಷೆ ಇಟ್ಟುಕೊಳ್ಳಬೇಡಿ, ಅವುಗಳ ಗುರುತುಗಳನ್ನು ಓದಲು ಕಲಿಯಿರಿ. ದಾರಿಯ ನಡುವೆ ಸುಣ್ಣದಂತೆ ಬಿಳಿಯಾಗಿ ಒಣಗಿದ ಹಿಕ್ಕೆ ಕಂಡರೆ ಅದು ಎಲುಬು ಅಗಿಯುವ ಕತ್ತೆಕಿರುಬದ್ದಿರಬಹುದು. ಸತ್ತ ದನಕುರಿಗಳನ್ನು ಎಲುಬಿನ ಸಮೇತ ತಿಂದು ಸುತ್ತಲಿನ ಊರುಗಳನ್ನು ಸ್ವಚ್ಛವಾಗಿಡುವ ಈ ಬಡಪಾಯಿ ಪ್ರಾಣಿಗೆ ನಮ್ಮ ಕಥೆಗಳಲ್ಲಿ ಒಳ್ಳೆಯ ಹೆಸರು ಸಿಗಲೇ ಇಲ್ಲ. ಗವಿ ಕಂಡಲ್ಲಿ ಹತ್ತಿರ ಹೋಗದೆ ಸುತ್ತಿ ಬನ್ನಿ. ನವಿಲು, ಕವಜುಗ, ಲಾವಿಗೆಗಳು ಮುಂಜಾನೆ ಸುಲಭವಾಗಿ ಕಾಣುತ್ತವೆ, ಇಲ್ಲವೇ ಕೇಳುತ್ತವೆ.

ಇಂಥ ಒಣ ಕಲ್ಲುಗುಡ್ಡಗಳಲ್ಲಿ ಮಂಡಲದ ಹಾವುಗಳಿರುವುದು ಸಹಜ. ಕೈ ಹಾಕುವ ಮತ್ತು ಕೂರುವ ಜಾಗವನ್ನು ಮೊದಲು ನೋಡುವುದೇ ಮುಖ್ಯ ರಕ್ಷಣೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದನ್ನೂ ಮಾಡಬಾರದು. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಅಂಗವನ್ನು ಅಲುಗಾಡದಂತೆ ಕೋಲು ಕಟ್ಟಿ, ಉಂಗುರ, ಬಳೆ, ಕಾಲುಚೀಲ ತೆಗೆದು, ಹೊತ್ತು ಕೆಳಗಿಳಿಸಿ, 108ಕ್ಕೆ ಕರೆ ಮಾಡಿ ಗದಗಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಹಾವು ಹಿಡಿಯಲು ಹೋಗಿ ಹೊತ್ತು ಕಳೆಯಬೇಡಿ. ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ; ಸೆಂಟು ಪೂಸಿಕೊಂಡು ಬರುವುದು, ಕೂಗಾಟ, ಕಲ್ಲೆಸೆತ ಇವು ಅದನ್ನು ಕೆರಳಿಸುತ್ತವೆ.

ಮಧ್ಯಾಹ್ನ ಮೂರರ ಹೊತ್ತಿಗೆ ಇಳಿಯಲು ಆರಂಭಿಸಿ. ಬುತ್ತಿ ಬಿಚ್ಚಿದ ಜಾಗದಲ್ಲಿ ಬಾಳೆಹಣ್ಣಿನ ಸಿಪ್ಪೆಯೂ ಉಳಿಯದಂತೆ ಚೀಲಕ್ಕೆ ತುಂಬಿಕೊಳ್ಳಿ.

ಚಳಿಗಾಲದಲ್ಲಿ ಬಂದವರಿಗೆ: ಮರುದಿನದ ಮಾಗಡಿ ಕೆರೆ

ನವೆಂಬರ್ ನಡುವಿನಿಂದ ಜನವರಿಯೊಳಗೆ ಬಂದಿದ್ದರೆ ಇನ್ನೊಂದು ರಾತ್ರಿ ಗದಗಿನಲ್ಲೋ ಲಕ್ಷ್ಮೇಶ್ವರದಲ್ಲೋ ಉಳಿದು, ಮರುದಿನ ಬೆಳಿಗ್ಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಗದಗಿನಿಂದ ಸುಮಾರು 26 ಕಿಲೋಮೀಟರ್. 134 ಎಕರೆಯ ಈ ಸಾಧಾರಣ ಊರ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಕಾರಣ, ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನು ಹಾರಿ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆಗಳಿರುವ ಈ ಹಕ್ಕಿಗಳು ಮೀನು ತಿನ್ನುವುದಿಲ್ಲ. ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬೆಳಗಿನ ಹೊತ್ತಿಗೆ ಕೆರೆಗೆ ಮರಳಿ ವಿಶ್ರಮಿಸುತ್ತವೆ. ಆದ್ದರಿಂದ ಹೊತ್ತೇರುವ ಮುನ್ನ ಏರಿಯ ಮೇಲೆ ಕುಳಿತಿದ್ದರೆ, ಮೊದಲು ದೂರದಿಂದ ಕೊಂಕೊಂ ಎಂಬ ದನಿ, ಆಮೇಲೆ ಆಕಾಶದಲ್ಲಿ ಅಂಕುಡೊಂಕಿನ ಸಾಲು, ಕೊನೆಗೆ ರೆಕ್ಕೆ ಬಿಗಿಹಿಡಿದು ನೀರಿಗಿಳಿಯುವ ನೋಟ ಒಂದಾದ ಮೇಲೊಂದು ಸಿಗುತ್ತವೆ.

ಬಣ್ಣ ಮಾಸಿದ ಬಟ್ಟೆ ತೊಟ್ಟು, ನಿಂತಲ್ಲೇ ನಿಂತು, ದುರ್ಬೀನಿನಲ್ಲಿ ನೋಡಿ. ನೀರಿನಂಚಿಗೆ ಇಳಿಯಬೇಡಿ. ಒಂದೊಂದೇ ಹಕ್ಕಿಯ ಕೊರಳನ್ನು ಗಮನಿಸುತ್ತ ಹೋಗಿ. ಮಂಗೋಲಿಯಾದಲ್ಲಿ ಸಂಶೋಧಕರು ತೊಡಿಸಿದ, ಅಕ್ಷರ ಮತ್ತು ಅಂಕಿಗಳಿರುವ ಕೊರಳಪಟ್ಟಿಯ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಆಗಾಗ ಕಾಣಿಸಿಕೊಂಡಿವೆ. ಅಂಥದ್ದೊಂದು ನಿಮ್ಮ ಕಣ್ಣಿಗೆ ಬಿದ್ದರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಅಂಕಿ, ದಿನ, ಹೊತ್ತು ಇಷ್ಟನ್ನೂ ಬರೆದುಕೊಂಡು, ಸಾಧ್ಯವಾದರೆ ಚಿತ್ರ ತೆಗೆದು, ಕೆರೆಯ ಬಳಿಯಿರುವ ಅರಣ್ಯ ಸಿಬ್ಬಂದಿಗೆ ಒಪ್ಪಿಸಿ ಬನ್ನಿ.